ದೊರೆಗುಡ್ಡದ ಐದನೇ ಬಾಣ ಹಾಗೂ ಕಸ್ತೂರೆಮ್ಮನವರ ಬಾಗಿಲು

ಸಂಬಂಧಪಟ್ಟ ಇಲಾಖೆ
(ಕಾಲ್ನಡಿಗೆ ಶಾಖೆ), ಕೊಪ್ಪಳ

ಸಂಖ್ಯೆ: ಸಂಇ/ಕಾನ/ಬಾಗಿಲು/05/2024-25

ಸುತ್ತೋಲೆ

ವಿಷಯ: ದೊರೆಗುಡ್ಡ ಕೋಟೆಪೇಟೆಯನ್ನು ಪ್ರವಾಸಿಗರು ತಮ್ಮಷ್ಟಕ್ಕೆ ತಾವೇ ನಡೆದು ನೋಡುವ ಯೋಜನೆಗೆ ಶ್ರೀಮತಿ ಕಸ್ತೂರೆಮ್ಮನವರ ತೆರೆದ ಬಾಗಿಲಿನಿಂದ ಉಂಟಾಗಿರುವ ಅಡಚಣೆಯನ್ನು ನಿವಾರಿಸುವ ಬಗ್ಗೆ.

ಉಲ್ಲೇಖ:
1. ಇದೇ ವಿಷಯದ ಹಿಂದಿನ ಸುತ್ತೋಲೆ (ಕಡತ ಸಿಕ್ಕಿರುವುದಿಲ್ಲ).
2. ಸದರಿ ಕಸ್ತೂರೆಮ್ಮನವರು ರೊಟ್ಟಿ ಬಡಿಯುತ್ತಾ ನೀಡಿದ ಮೌಖಿಕ ಹೇಳಿಕೆ.
3. ಮೇಲಧಿಕಾರಿಗಳು ದೂರವಾಣಿಯಲ್ಲಿ ವ್ಯಕ್ತಪಡಿಸಿದ ಸಿಟ್ಟು.

ಪ್ರಸ್ತಾವನೆ:

ದೊರೆಗುಡ್ಡವು ಒಂದಾನೊಂದು ಕಾಲದಲ್ಲಿ ಅರಸರ ರಾಜಧಾನಿಯಾಗಿದ್ದು, ಅಲ್ಲಿನ ಕೋಟೆ, ಆನೆ ಲಾಯ, ರಾಣಿ ಬಾವಿ ಮುಂತಾದವುಗಳನ್ನು ಯಾರ ಸಹಾಯವೂ ಇಲ್ಲದೆ ನೋಡಿಕೊಂಡು ಬರಲು ಅನುಕೂಲವಾಗುವಂತೆ ಬಾಣದ ಗುರುತಿನ ಫಲಕಗಳನ್ನು ಅಳವಡಿಸಲಾಗಿದೆ. ಈ ಊರಿನ ಜನರಿಗೆ ದಾರಿ ಕೇಳಿದವರಿಗೆ ಕೈ ಮಾಡಿ ತೋರಿಸಿ ಸುಮ್ಮನಿರುವ ಶಿಸ್ತು ಇಲ್ಲ. "ಬರ್ರಿ, ತೋರಸ್ತೀನಿ" ಎನ್ನುತ್ತಾ ಜೊತೆಗೇ ಹೊರಟುಬಿಡುತ್ತಾರೆ. ದಾರಿಯುದ್ದಕ್ಕೂ ಯಾವೂರು, ಎಷ್ಟು ಮಕ್ಕಳು ಎಂದು ವಿಚಾರಿಸುತ್ತಾರೆ. ಇಂತಹ ಅನಧಿಕೃತ ಆತ್ಮೀಯತೆಯಿಂದ ಪ್ರವಾಸಿಗರನ್ನು ಪಾರು ಮಾಡುವುದೇ ಯೋಜನೆಯ ಉದ್ದೇಶವಾಗಿರುತ್ತದೆ.

ಐದನೇ ಫಲಕವು ಪ್ರವಾಸಿಗರನ್ನು ಬಲಕ್ಕೆ, ರಾಣಿ ಬಾವಿಯ ಕಡೆಗೆ ಕಳುಹಿಸಬೇಕಿತ್ತು. ಓಣಿಯ ಗೋಡೆಗಳು ಅರಸರ ಕಾಲದವಾದ್ದರಿಂದ ಮೊಳೆ ಹೊಡೆಯುವಂತಿರಲಿಲ್ಲ. ಕಂಬ ನೆಡಲು ನೆಲ ಅಗೆಯುವ ಅನುಮತಿ ಬಂದಿರಲಿಲ್ಲ. ಫಲಕ ಹಚ್ಚುವ ದಿನ ಆ ತಿರುವಿನಲ್ಲೇ ಮನೆಯಿರುವ ಕಸ್ತೂರೆಮ್ಮನವರ ಕುಟುಂಬವು ಗಂಗಾವತಿಗೆ ಮದುವೆಗೆ ಹೋಗಿದ್ದು, ಮನೆಗೆ ಬೀಗ ಹಾಕಿತ್ತು. ಮುಚ್ಚಿದ ಬಾಗಿಲನ್ನು ಕಂಡ ಸಿಬ್ಬಂದಿಯು ಅದು ಯಾವಾಗಲೂ ಮುಚ್ಚಿರುತ್ತದೆ ಎಂಬ ತೀರ್ಮಾನಕ್ಕೆ ಬಂದು, ಫಲಕವನ್ನು ಬಾಗಿಲಿಗೇ ಜಡಿದು ಹಿಂದಿರುಗಿತು. ಬಾಗಿಲು ಒಳಕ್ಕೆ ತೆರೆಯುತ್ತದೆ. ಮುಚ್ಚಿದಾಗ ಬಾಣವು ರಾಣಿ ಬಾವಿಯನ್ನು ತೋರಿಸುತ್ತದೆ. ತೆರೆದಾಗ ಕಸ್ತೂರೆಮ್ಮನವರ ಅಡುಗೆಮನೆಯನ್ನು ತೋರಿಸುತ್ತದೆ. ಈ ಊರಿನಲ್ಲಿ ಹಗಲು ಹೊತ್ತು ಯಾರೂ ಬಾಗಿಲು ಮುಚ್ಚುವುದಿಲ್ಲ ಎಂಬ ವಿಷಯವನ್ನು ಯಾರೂ ಇಲಾಖೆಯ ಗಮನಕ್ಕೆ ತಂದಿರಲಿಲ್ಲ. ಇಲಾಖೆಯೂ ಕೇಳಿರಲಿಲ್ಲ.

ಆದ್ದರಿಂದ ಸಂಬಂಧಿಸಿದ ಎಲ್ಲರಿಗೂ, ಮುಖ್ಯವಾಗಿ ಕಸ್ತೂರೆಮ್ಮನವರಿಗೆ, ಈ ಕೆಳಗಿನಂತೆ ಸೂಚಿಸಲಾಗಿದೆ:

1. ಬೆಳಗಿನಿಂದ ಸಂಜೆಯವರೆಗೆ ಸದರಿ ಬಾಗಿಲನ್ನು ಮುಚ್ಚಿರತಕ್ಕದ್ದು. ಮನೆಯ ಹಿಂಬದಿ ಕೋಟೆಯ ಗೋಡೆ ಇರುವುದರಿಂದ ಬೇರೆ ಬಾಗಿಲು ಇಲ್ಲವೆಂದು ತಿಳಿದುಬಂದಿದೆ. ಹೊರಗೆ ಹೋಗಲೇಬೇಕಾದಲ್ಲಿ ಬಾಗಿಲನ್ನು ಅರೆಬರೆ ತೆರೆದು, ಓಣಿಯ ಎರಡೂ ಕಡೆ ಇಣುಕಿ, ಪ್ರವಾಸಿಗರು ಇಲ್ಲವೆಂದು ಖಾತ್ರಿಪಡಿಸಿಕೊಂಡು ಹೊರಬರತಕ್ಕದ್ದು. ಹೀಗೆ ಇಣುಕುವಾಗ ಕಳ್ಳರಂತೆ ಕಾಣದ ಹಾಗೆ ನೋಡಿಕೊಳ್ಳುವುದು ಅವರದೇ ಜವಾಬ್ದಾರಿ.

2. ಈ ಕುರಿತು ಕಸ್ತೂರೆಮ್ಮನವರು ನೀಡಿದ ಹೇಳಿಕೆ ಹೀಗಿದೆ: "ಬಾಗಲಾ ಮುಚ್ಚಿದ್ರ ಒಳಗ ಬರೇ ಕತ್ತಲ. ಬಂದೋರು ಬಾಗಲಾ ನೋಡಿ ಹಂಗ ಹೊಳ್ಳಿ ಹೋಗ್ತಾರ. ಈ ಮನಿಗೆ ಸೊಸಿ ಆಗಿ ಬಂದಾಗಿಂದ ಮನ್ಯಾಗಿದ್ದು ಹಗಲಿ ಬಾಗಲಾ ಹಾಕಿಲ್ಲ ನಾ. ಮುಚ್ಚಿ ಕುಂದ್ರಾಕ ಏನ್ ಕಳವು ಮಾಡೀನೇನ್ರಿ? ಆ ಬಾಣಾ ಕಿತ್ಕೊಂಡು ಹೋಗ್ರಿ, ನನ್ನ ಬಾಗಲಾ ನನಗ ಬಿಡ್ರಿ." ಸದರಿ ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಿ ತಿರಸ್ಕರಿಸಲಾಗಿದೆ. ಫಲಕವನ್ನು ಕೀಳಲು ಹೊಸದಾಗಿ ಟೆಂಡರ್ ಕರೆಯಬೇಕಾಗುತ್ತದೆ. ಅದಕ್ಕಿಂತ ರಾಣಿ ಬಾವಿಯನ್ನೇ ಅವರ ಅಡುಗೆಮನೆಗೆ ಸ್ಥಳಾಂತರಿಸುವುದು ಸುಲಭವೇ ಎಂಬ ಬಗ್ಗೆ ತಾಂತ್ರಿಕ ಅಭಿಪ್ರಾಯ ಕೋರಲಾಗಿದೆ.

3. ಇಲಾಖೆಯ ಒತ್ತಾಯದ ಮೇರೆಗೆ ಒಂದು ದಿನ ಬಾಗಿಲು ಮುಚ್ಚಲಾಗಿ, ಅಹಿತಕರ ಘಟನೆಯೊಂದು ನಡೆದಿರುತ್ತದೆ. ದೊರೆಗುಡ್ಡದಲ್ಲಿ ಮನೆಯವರು ಒಳಗಿದ್ದೂ ಹಗಲು ಬಾಗಿಲು ಮುಚ್ಚಿದ್ದರೆ ಆ ಮನೆಯಲ್ಲಿ ಸಾವಾಗಿದೆ ಎಂದೇ ಅರ್ಥವಂತೆ. ಕಸ್ತೂರೆಮ್ಮನವರ ಪತಿ ತಿಮ್ಮಣ್ಣನವರು ಆ ದಿನ ಯಲಬುರ್ಗಾದ ತಂಗಿಯ ಮನೆಗೆ ಹೋಗಿದ್ದು, ಅವರು ಕಾಣದಿರುವುದನ್ನೂ ಬಾಗಿಲು ಮುಚ್ಚಿರುವುದನ್ನೂ ಕೂಡಿಸಿ ಓಣಿಯವರು ಲೆಕ್ಕ ಮುಗಿಸಿ ಮನೆಯ ಮುಂದೆ ನೆರೆದರು. ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಾದ್ದರಿಂದ ಎದುರು ಮನೆಯ ಸರ್ದಾರಬೀ ಅವರು ಕೆಟಲಿನಲ್ಲಿ ಚಹಾ ತಂದರು. ಅಷ್ಟರಲ್ಲಿ ತಿಮ್ಮಣ್ಣನವರು ಬಸ್ಸಿಳಿದು ಬಂದು, ತಮ್ಮ ಮನೆಯ ಮುಂದಿನ ಗುಂಪನ್ನು ಕಂಡು ಗಾಬರಿಯಾಗಿ, "ಯಾರು ಹೋದ್ರು?" ಎಂದು ಕೇಳಿದರು. ಅದಕ್ಕೆ ಸರ್ದಾರಬೀ ಅವರು, "ನೀವ ಹೋಗೀರಿ ಅಂತ ತಿಳ್ಕೊಂಡಿದ್ವಿ, ಅಣ್ಣಾರ. ಬರ್ರಿ, ಚಾ ಕುಡೀರಿ" ಎಂದಿರುತ್ತಾರೆ. ಒಳಗಿದ್ದ ಕಸ್ತೂರೆಮ್ಮನವರು ಗದ್ದಲ ಕೇಳಿ ಬಾಗಿಲು ತೆರೆದರು. ಗುಂಪಿನ ಹಿಂದೆ ನಿಂತಿದ್ದ ಪ್ರವಾಸಿಗರು ಬಾಣದ ಗುರುತನ್ನು ಅನುಸರಿಸಿ ಒಳಗೆ ಹೋದರು.

4. ಇಂತಹ ಪ್ರಮಾದ ಮರುಕಳಿಸದಂತೆ, ಮುಚ್ಚಿದ ಬಾಗಿಲಿನ ಮೇಲೆ "ಈ ಮನೆಯಲ್ಲಿ ಯಾರೂ ತೀರಿಕೊಂಡಿರುವುದಿಲ್ಲ" ಎಂಬ ಹೆಚ್ಚುವರಿ ಫಲಕ ತೂಗುಹಾಕತಕ್ಕದ್ದು. ಮುಂದೆ ಯಾರಾದರೂ ನಿಜವಾಗಿ ತೀರಿಕೊಂಡಲ್ಲಿ, ಫಲಕ ತೆಗೆಯಲು ಲಿಖಿತ ಅನುಮತಿ ಪಡೆಯತಕ್ಕದ್ದು. ಅನುಮತಿ ಬರುವವರೆಗೆ ಅಳುವಂತಿಲ್ಲ.

5. ಒಳಗೆ ಬಂದ ಪ್ರವಾಸಿಗರನ್ನು ಕಸ್ತೂರೆಮ್ಮನವರು ಹೊರಗೆ ಕಳುಹಿಸದೆ, ಬಿಸಿಲಿನಲ್ಲಿ ಬಂದಿದ್ದಾರೆಂಬ ಕ್ಷುಲ್ಲಕ ಕಾರಣಕ್ಕೆ ಮೊದಲು ನೀರು ಕೊಟ್ಟು, ಆಮೇಲೆ ರೊಟ್ಟಿ ಹಾಕಿರುತ್ತಾರೆ. ಪ್ರವಾಸಿಗರೊಬ್ಬರು, "ಅರಮನೆಯ ಅಡುಗೆಮನೆಯನ್ನು ಬಹಳ ಚೆನ್ನಾಗಿ ಉಳಿಸಿಕೊಂಡಿದ್ದಾರೆ. ಶೇಂಗಾ ಚಟ್ನಿ ಇನ್ನೂ ತಾಜಾ ಇತ್ತು" ಎಂದು ಅಭಿಪ್ರಾಯ ದಾಖಲಿಸಿದ್ದಾರೆ. ಸದರಿ ಅಡುಗೆಮನೆಯು ಅರಮನೆಯದಲ್ಲ ಹಾಗೂ ಅದನ್ನು ಉಳಿಸಿಕೊಳ್ಳುವುದರಲ್ಲಿ ಇಲಾಖೆಯ ಪಾತ್ರ ಏನೂ ಇಲ್ಲ. ಆದಾಗ್ಯೂ ಈ ಪ್ರಶಂಸೆಯನ್ನು ವಾರ್ಷಿಕ ವರದಿಯಲ್ಲಿ ಇಲಾಖೆಯ ಸಾಧನೆಯಾಗಿ ಸೇರಿಸಿಕೊಳ್ಳಲಾಗಿದೆ. ರಾಣಿ ಬಾವಿಯನ್ನು ಈವರೆಗೆ ಯಾವ ಪ್ರವಾಸಿಯೂ ತಲುಪಿರುವುದಿಲ್ಲ.

6. ಸ್ಥಳ ಪರಿಶೀಲನೆಗೆ ಕಳುಹಿಸಲಾದ ಮೇಲ್ವಿಚಾರಕ ಶ್ರೀ ಸುಭಾಷ್ ಅವರು ಬಾಣವನ್ನು ಅನುಸರಿಸಿ ಒಳಗೆ ಹೋಗಿ, ಉಂಡು, ಅಲ್ಲೇ ಹೊರಸಿನ ಮೇಲೆ ಮಲಗಿ, ಸಂಜೆ ಎದ್ದು "ಬಾಣ ಸರಿಯಾದ ದಿಕ್ಕನ್ನೇ ತೋರಿಸುತ್ತಿದೆ" ಎಂದು ವರದಿ ಸಲ್ಲಿಸಿರುತ್ತಾರೆ. ವರದಿಯ ಬಹುಭಾಗ ಎಣ್ಣೆಗಾಯಿ ಪಲ್ಯದ ಕುರಿತಾಗಿದೆ. ಇನ್ನು ಮುಂದೆ ಪರಿಶೀಲನೆಗೆ ಹೋಗುವ ಸಿಬ್ಬಂದಿ ಕಚೇರಿಯಲ್ಲೇ ಉಂಡು ಹೊರಡತಕ್ಕದ್ದು.

7. ಇಷ್ಟೆಲ್ಲ ತಿಳಿವಳಿಕೆ ನೀಡಿದ ಮೇಲೂ ಕಸ್ತೂರೆಮ್ಮನವರು ಬೆಳಗಾದ ಕೂಡಲೇ ಹೊಸ್ತಿಲು ತೊಳೆದು ಬಾಗಿಲು ತೆರೆಯುವುದನ್ನು ಬಿಟ್ಟಿರುವುದಿಲ್ಲ. ಫಲಕವು ಇಲಾಖೆಯ ಸ್ವತ್ತಾಗಿದ್ದು, ಬಾಗಿಲು ಫಲಕಕ್ಕೆ ಅಂಟಿಕೊಂಡಿರುವುದರಿಂದ ಬಾಗಿಲೂ ಇಲಾಖೆಯ ಸ್ವತ್ತೇ ಎಂದು ಕಾನೂನು ಶಾಖೆ ಅಭಿಪ್ರಾಯಪಟ್ಟಿದೆ. ಅದರಂತೆ ಸದರಿ ಬಾಗಿಲನ್ನು ಕೀಲು ಸಮೇತ ಕಳಚಿ, ಟೆಂಪೋದಲ್ಲಿ ತಂದು ಕಚೇರಿಯ ಉಗ್ರಾಣದಲ್ಲಿ ಗೋಡೆಗೆ ಒರಗಿಸಿಡಲಾಗಿದೆ. ಸದ್ಯ ಬಾಣವು ಸಿಬ್ಬಂದಿಯ ಶೌಚಾಲಯವನ್ನು ತೋರಿಸುತ್ತಿದ್ದು, ಯೋಜನೆ ಆರಂಭವಾದಂದಿನಿಂದ ಅದು ಸರಿಯಾದ ದಿಕ್ಕು ತೋರಿಸಿರುವುದು ಇದೇ ಮೊದಲು.

8. ಬಾಗಿಲು ಕಳಚುವಾಗ ಕಸ್ತೂರೆಮ್ಮನವರು ಅಡ್ಡಿಪಡಿಸಲಿಲ್ಲ. ಕೀಲು ಬಿಚ್ಚುತ್ತಿದ್ದ ಸಿಬ್ಬಂದಿಗೂ ನೀರು ಕೊಟ್ಟು ಹೀಗೆ ಹೇಳಿರುತ್ತಾರೆ: "ಒಯ್ರಿ. ನಮ್ಮ ಮಾವನೋರು ಮಾಡಿಸಿದ ಬಾಗಲಾ ಅದು, ಮಳ್ಯಾಗ ಇಡಬ್ಯಾಡ್ರಿ. ರಾತ್ರಿಗೆ ಒಂದು ಚಾಪಿ ಕಟ್ಕೊಂತೀವಿ ನಾವು. ಹಗಲೆಲ್ಲಾ ಮುಚ್ಚು ಮುಚ್ಚು ಅಂತಿದ್ರಿ, ಇನ್ನ ಏನ್ ಮುಚ್ಚಸ್ತೀರಿ ನೋಡೋಣು." ಈ ಹೇಳಿಕೆಯ ಅರ್ಥದ ಬಗ್ಗೆ ಸ್ಪಷ್ಟೀಕರಣ ಕೇಳಲಾಗಿದೆ. ಬಾಣವಿಲ್ಲದಿದ್ದರೂ ಪ್ರವಾಸಿಗರು ಈಗಲೂ ನೇರವಾಗಿ ಅಲ್ಲಿಗೇ ಹೋಗುತ್ತಿದ್ದಾರೆ. ಸರ್ದಾರಬೀ ಅವರೇ ಓಣಿಯ ಬಾಯಿಂದ ಕರೆದುಕೊಂಡು ಹೋಗಿ ಬಿಡುತ್ತಿದ್ದಾರೆಂದು ದೂರು ಬಂದಿದೆ.

9. ಬಾಗಿಲು ಇಲ್ಲವೆಂಬ ಕಾರಣಕ್ಕೆ ಕಂಡಿಕೆ 1ರಿಂದ ಯಾವುದೇ ವಿನಾಯಿತಿ ಇರುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಸದರಿ ಬಾಗಿಲನ್ನು ಮುಚ್ಚಿರತಕ್ಕದ್ದು.

(ಸಹಿ/-)
ಪ್ರಭಾರ ಅಧಿಕಾರಿ, ಕಾಲ್ನಡಿಗೆ ಶಾಖೆ
(ದೊರೆಗುಡ್ಡಕ್ಕೆ ಇನ್ನೂ ಭೇಟಿ ನೀಡಿರುವುದಿಲ್ಲ, ವಾಹನ ಮಂಜೂರಾಗಿಲ್ಲ)

ಪ್ರತಿಗಳು:

1. ಶ್ರೀ ಸುಭಾಷ್, ಮೇಲ್ವಿಚಾರಕರು: ಎಚ್ಚರವಾದ ಮೇಲೆ ಓದಿಕೊಳ್ಳಲು.
2. ರಾಣಿ ಬಾವಿಯ ಕಾವಲುಗಾರರು: ಸದ್ಯಕ್ಕೆ ಯಾರೂ ಬರುವುದಿಲ್ಲವೆಂಬ ಮಾಹಿತಿಗಾಗಿ.
3. ಶ್ರೀಮತಿ ಸರ್ದಾರಬೀ: ಸಾಕ್ಷ್ಯವಾಗಿ ವಶಪಡಿಸಿಕೊಂಡ ಚಹಾ ಕೆಟಲ್ ಸದ್ಯ ಕಚೇರಿಯ ಬಳಕೆಯಲ್ಲಿದ್ದು, ಹಿಂದಿರುಗಿಸಲು ಸಾಧ್ಯವಿಲ್ಲವೆಂದು ತಿಳಿಸಲು.
4. ಶ್ರೀ ತಿಮ್ಮಣ್ಣ: ಜೀವಂತವಿದ್ದಲ್ಲಿ.
5. ಶ್ರೀಮತಿ ಕಸ್ತೂರೆಮ್ಮ: ನಿಯಮದ ಪ್ರಕಾರ ಇವರ ಪ್ರತಿಯನ್ನು ಮನೆಯ ಬಾಗಿಲಿಗೆ ಅಂಟಿಸಿ ಜಾರಿ ಮಾಡಬೇಕಿರುತ್ತದೆ. ಸದರಿ ಬಾಗಿಲು ಇಲಾಖೆಯ ಉಗ್ರಾಣದಲ್ಲಿರುವುದರಿಂದ ಅಲ್ಲಿಯೇ ಅಂಟಿಸಲಾಗಿದ್ದು, ಅವರು ಓದಿಕೊಂಡು ಒಪ್ಪಿದ್ದಾರೆಂದು ಭಾವಿಸಲಾಗಿದೆ.