ನನ್ನ ಫೋಟೊ ಕಣ್ಣು ಮಿಟುಕಿಸಿದ ಸಂಜೆ

ವೇದಿಕೆ ಎಂದರೆ ನನಗೆ ಪ್ರಾಣ. ಊಟ ಬಿಟ್ಟೇನು, ಕೈಗೆ ಸಿಕ್ಕ ಮೈಕು ಬಿಡಲಾರೆ! ಆದ್ದರಿಂದ ನನ್ನ ಹೆಂಡತಿ ರಂಜನಾ ಎರಡು ವರ್ಷ ಕಂಪ್ಯೂಟರಿನ ಮುಂದೆ ಕಣ್ಣು ಕೆಂಪು ಮಾಡಿಕೊಂಡು, ತಾನೊಬ್ಬಳೇ ಒಂದು ವಿಡಿಯೋ ಗೇಮ್ ಮಾಡಿ ಮುಗಿಸಿದ ದಿನ, ಅದನ್ನು ಲೋಕಕ್ಕೆ ಘೋಷಿಸುವ ಮಹಾಕಾರ್ಯ ನನ್ನದೇ ಎಂದು ಕಾರವಾರದ ನಮ್ಮ ಅಡುಗೆಮನೆಯಲ್ಲಿ ಸೌಟು ಹಿಡಿದು ಪ್ರತಿಜ್ಞೆ ಮಾಡಿದೆ.

“ಅಂಕೋಲೆಯಲ್ಲಿ ಹಾಲ್ ಹಿಡಿಯೋಣ. ದೀಪ ಆರ್ತದೆ, ಹೊಗೆ ಏಳ್ತದೆ, ಹೊಗೆ ಒಳಗಿಂದ ನಾ ಬರ್ತೆ!”

“ನೀವು ಬರೂದು ಎಂತಕ್ಕೆ? ಗೇಮ್ ಮಾಡಿದ್ದು ನಾನು.”

“ಘೋಷಣೆ ಅಂದ್ರೆ ಸಣ್ಣ ಕೆಲ್ಸ ಅಲ್ಲ ಮಾರಾಯ್ತಿ! ದೊಡ್ಡ ಕಂಪನಿಯವ್ರು ಹೆಂಗೆ ಮಾಡ್ತಿದ್ರು? ಸಾವಿರಾರು ಜನ, ಸಿಳ್ಳೆ, ಚಪ್ಪಾಳೆ!”

“ಮಾಡ್ತಿದ್ರು. ಈಗ ಹೆಚ್ಚಿನವ್ರು ಮೊದ್ಲೇ ರೆಕಾರ್ಡ್ ಮಾಡಿದ ವಿಡಿಯೋ ಹಾಕಿ ಮುಗಿಸ್ತ್ರು. ವೇದಿಕೆ ಮೇಲೆ ಗೇಮ್ ನಿಂತು ಹೋದ್ರೆ ಎಲ್ಲರೆದುರು ಮರ್ಯಾದೆ ಹೋತದೆ. ವಿಡಿಯೋದಲ್ಲಿ ತಪ್ಪಾದ್ರೆ ಕತ್ತರಿಸಿ ಒಗೀಬಹುದು.”

“ವಿಡಿಯೋಕ್ಕೆ ಯಾರು ಚಪ್ಪಾಳೆ ಹೊಡೀತ್ರು? ಅದು ಒಣಮೀನು! ವೇದಿಕೆ ಅಂದ್ರೆ ಈಗಷ್ಟೇ ಬಲೆಯಿಂದ ತೆಗೆದ ಬಂಗ್ಡೆ!”

“ಹೊತ್ತು ಹೋದ್ರೆ ಬಂಗ್ಡೆನೂ ನಾರ್ತದೆ. ಭಾಸ್ಕರ ಸರ್ ಬೀಳ್ಕೊಡುಗೆ ಮರ್ತ್ರಿಯಾ? ನಿಮ್ಮ ಭಾಷಣ ಮುಗಿಯೂದ್ರೊಳಗೆ ಸ್ವತಃ ಭಾಸ್ಕರ ಸರ್ರೇ ಎದ್ದು ಮನೆಗೆ ಹೋಗಿದ್ರು!”

ಭಾಸ್ಕರ ಸರ್ ನಮ್ಮ ಕಚೇರಿಯ ಮೇಲಧಿಕಾರಿಯಾಗಿದ್ದವರು. ಅವರು ಅಂದು ಎದ್ದು ಹೋದದ್ದು ಬಸ್ಸಿನ ಸಲುವಾಗಿ ಎಂದೇ ನಾನು ಇಂದಿಗೂ ನಂಬಿದ್ದೇನೆ.

ಆದರೆ ಈ ಸಲ ರಂಜನಾ ಸೋಲುವ ಹಾಗಿರಲಿಲ್ಲ. ಪುಣೆಯ ಒಂದು ಕಂಪನಿಯಿಂದ ರಕ್ಷಿತಾ ಎಂಬ ಮೇಡಂ ಬರುವವರಿದ್ದರು. ಅವರಿಗೆ ಮೆಚ್ಚಿಗೆಯಾದರೆ ಆ ಕಂಪನಿಯೇ ಗೇಮನ್ನು ದೇಶಕ್ಕೆಲ್ಲ ತಲುಪಿಸುತ್ತದೆ. ಆಗದಿದ್ದರೆ ಎರಡು ವರ್ಷದ ದುಡಿಮೆ ನಮ್ಮ ಕಂಪ್ಯೂಟರಿನಲ್ಲೇ ಮಲಗುತ್ತದೆ. ಕೊನೆಗೆ ಒಪ್ಪಂದವಾಯಿತು. ಸ್ವಾಗತ ಭಾಷಣ ನನ್ನದೇ, ಆದರೆ ವಿಡಿಯೋದಲ್ಲಿ. ಕಾರ್ಯಕ್ರಮದ ದಿನ ನಾನು ಕಾರವಾರದ ಮನೆಯಿಂದ ಕದಲಬಾರದು!

ಗೇಮಿನ ಹೆಸರು ‘ಅಳಿವೆ’, ಎಂದರೆ ಹೊಳೆ ಕಡಲು ಸೇರುವ ಜಾಗ. ಕಡಲಿಗೆ ಹೋದ ಒಬ್ಬ ಮಂಜಿನಲ್ಲಿ ಮನೆಗೆ ಮರಳುತ್ತಾನೆ. ಹೆಂಡತಿಯನ್ನು ಕರೆಯುತ್ತಾನೆ, ಅವಳು ತಿರುಗುವುದಿಲ್ಲ. ನೀರು ಕೇಳುತ್ತಾನೆ, ಯಾರೂ ಕೊಡುವುದಿಲ್ಲ. ತನಗೆ ಏನಾಗಿದೆ ಎಂದು ಅವನೇ ಕೋಣೆ ಕೋಣೆ ತಿರುಗಿ ಕಂಡುಹಿಡಿಯಬೇಕು. ರಂಜನಾ ಹುಟ್ಟಿದ್ದು ಅಂಕೋಲೆಯ ಹತ್ತಿರ ಕಡಲ ದಂಡೆಯ ಕೇಣಿಯಲ್ಲಿ. ಅಲ್ಲಿಯ ಅಲೆಯ ಸದ್ದು, ಬಾಗಿಲ ಕಿರ್ರನೆಯ ಸದ್ದು ಎಲ್ಲವನ್ನೂ ಹಿಡಿದು ತಂದು ಅದರಲ್ಲಿ ಹಾಕಿದ್ದಳು. ಮೊದಲ ಸಲ ಆಡಿದ ಮೇಲೆ ನಾನು ಬಚ್ಚಲಿಗೆ ಒಬ್ಬನೇ ಹೋಗಲಿಲ್ಲ. ಇದನ್ನು ನೀವು ಯಾರಿಗೂ ಹೇಳಬೇಡಿ.

ಇಂಥ ಗೇಮಿಗೆ ತಕ್ಕ ಹಾಗೆ ನನ್ನ ವಿಡಿಯೋವೂ ತಯಾರಾಯಿತು. ಹಿಂದೆ ಕಪ್ಪು ಚಾದರ, ಮೈಮೇಲೆ ಬಿಳಿ ಅಂಗಿ, ಮುಖಕ್ಕೆ ಧಾರಾಳವಾಗಿ ಪೌಡರು. ಶುರುವಿನಲ್ಲೇ ನನ್ನ ಕಣ್ಣು ಅರ್ಧ ಮುಚ್ಚಿತ್ತು. “ಇರ್ಲಿ ಬಿಡಿ, ಗೇಮಿಗೆ ಸರಿಯಾಗ್ತದೆ” ಎಂದಳು ರಂಜನಾ.

ಆ ದಿನ ಬಂತು. ಮಧ್ಯಾಹ್ನದವರೆಗೆ ಮನೆಯಲ್ಲೇ ಇದ್ದೆ. ಆಮೇಲೆ ಮನಸ್ಸು ತಡೆಯಲಿಲ್ಲ. ನನಗೆ ಬೀಳುವ ಚಪ್ಪಾಳೆಯನ್ನು ನಾನೇ ಕೇಳದಿದ್ದರೆ ಹೇಗೆ? ಹಿಂದಿನ ಸಾಲಿನಲ್ಲಿ ಕೂತು, ಯಾರಿಗೂ ಕಾಣದೆ ವಾಪಸ್ಸು ಬಂದರಾಯಿತು ಎಂದು ಬೈಕ್ ಹತ್ತಿದೆ.

ಹೆದ್ದಾರಿಯ ಸುರಂಗದಲ್ಲಿ ಒಂದು ಲಾರಿ ನನ್ನ ಮೈಗೆ ಅಂಟಿಕೊಂಡೇ ಮುಂದೆ ನುಗ್ಗಿತು. ಬೈಕ್ ಓಲಾಡಿತು, ನಾನು ಗಟ್ಟಿಯಾಗಿ ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ಲಾರಿ ಇರಲಿಲ್ಲ. ಮುಂದೆ ಇಲ್ಲ, ಹಿಂದೆ ಇಲ್ಲ, ಸುರಂಗದಲ್ಲಿ ಯಾರೂ ಇಲ್ಲ. ತುದಿಯಲ್ಲಿ ಮಾತ್ರ ದುಂಡಗೆ ಬೆಳಕು. ಬದುಕಿದೆಯಾ ಬಡಜೀವವೇ ಎಂದು ಆ ಬೆಳಕಿನ ಕಡೆಗೆ ಬೈಕ್ ಓಡಿಸಿದೆ.

ಅಮದಳ್ಳಿಯಲ್ಲಿ ಗಂಟಲು ಒಣಗಿ ಚಹಾದಂಗಡಿಯೆದುರು ನಿಂತೆ. “ಒಂದು ಚಹಾ” ಎಂದೆ. ಅಂಗಡಿಯ ಹೆಂಗಸು ತಲೆ ಎತ್ತಲಿಲ್ಲ. ಮತ್ತೆ ಕೇಳಿದೆ. ನನ್ನ ಪಕ್ಕದವನಿಗೆ ಲೋಟ ಕೊಟ್ಟು ಒಳಗೆ ಹೋದಳು. ಪಕ್ಕದವನೂ ನನ್ನ ಕಡೆ ನೋಡಲಿಲ್ಲ. ಒಂದು ನಾಯಿ ಮಾತ್ರ ನನ್ನನ್ನು ನೋಡಿ, ಬಾಲ ಒಳಗೆ ಸೇರಿಸಿಕೊಂಡು, ಸಣ್ಣಗೆ ಊಳಿಡುತ್ತ ಹಿಂದೆ ಹಿಂದೆ ಸರಿಯಿತು. ನೀರು ಕೇಳಿದರೆ ಯಾರೂ ಕೊಡುವುದಿಲ್ಲ ಎಂಬ ಗೇಮಿನ ಮೊದಲ ಹಂತ ನೆನಪಾಗಿ, ಚಹಾದ ಆಸೆ ಬಿಟ್ಟು ಬೈಕ್ ಹತ್ತಿದೆ.

ಅಂಕೋಲೆಯ ಹಾಲ್ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಆದರೆ ವಿಡಿಯೋ ಚೆನ್ನಾಗಿ ಕಾಣಲೆಂದು ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿದ್ದರು. ಬಾಗಿಲಲ್ಲಿ ಹಾಲ್ ನೋಡಿಕೊಳ್ಳುವ ಹುಲಿಯಾ ನಿಂತಿದ್ದ. ನನ್ನ ಹಳೆಯ ಪರಿಚಯದವನು. ಹೆಲ್ಮೆಟ್ ತೆಗೆದು ನಕ್ಕೆ.

ಹುಲಿಯಾ ನಗಲಿಲ್ಲ. ನನ್ನನ್ನು ದಿಟ್ಟಿಸಿ ನೋಡಿದ. ಎರಡೂ ಕೈ ಜೋಡಿಸಿದ. ಕಣ್ಣು ಮುಚ್ಚಿ ಏನೋ ಪಿಟಿಪಿಟಿ ಹೇಳತೊಡಗಿದ. “ಹುಲಿಯಾ, ಎಂತಾ ಆಯ್ತಾ?” ಎಂದೆ. ಕಣ್ಣು ತೆರೆಯಲೇ ಇಲ್ಲ, ಪಿಟಿಪಿಟಿ ಮಾತ್ರ ಜೋರಾಯಿತು.

ಒಳಗೆ ಕಾಲಿಟ್ಟೆ. ಕಗ್ಗತ್ತಲು. ವೇದಿಕೆಯ ನಡುವೆ ದೊಡ್ಡ ಟಿವಿ, ಅದರಲ್ಲಿ ಅಲುಗಾಡದ ನನ್ನ ಮುಖ. ಬಿಳಿ ಅಂಗಿ, ಬೆಳ್ಳಗಿನ ಕೆನ್ನೆ, ಅರ್ಧ ಮುಚ್ಚಿದ ಕಣ್ಣು. ಮುಖದ ಸುತ್ತ ಗೊಂಡೆ ಹೂವಿನ ಹಾರ! ಎದುರಿಗೆ ಎಣ್ಣೆ ದೀಪ! ಊದಬತ್ತಿಯ ಹೊಗೆ!

ಅತಿಥಿಯಾಗಿ ಬಂದಿದ್ದ ಭಾಸ್ಕರ ಸರ್ ಮೈಕಿನಲ್ಲಿ ಗದ್ಗದ ಕಂಠದಲ್ಲಿ ಮಾತಾಡುತ್ತಿದ್ದರು. “ನಮ್ಮ ರಾಮನಾಥ ದೊಡ್ಡ ಮಾತುಗಾರ. ಇಂದು ಸುಮ್ಮನಿದ್ದಾನೆ. ನಾ ಕಂಡ ಹಾಗೆ ಇದೇ ಮೊದಲ ಸಲ. ಇಂಥ ದುಃಖದಲ್ಲೂ ಕಾರ್ಯಕ್ರಮ ನಿಲ್ಲಿಸದ ರಂಜನಾಳ ಧೈರ್ಯಕ್ಕೆ ಎಂತಾ ಹೇಳೂದು? ಎಲ್ಲರೂ ಎದ್ದು ನಿಂತು ಮೌನ ಆಚರಿಸೋಣ.”

ಕುರ್ಚಿಗಳು ಸರಿದವು. ಇಡೀ ಸಭೆ ಎದ್ದು ನಿಂತು ತಲೆ ತಗ್ಗಿಸಿತು.

ಸುರಂಗ. ಲಾರಿ. ಚಹಾ ಕೊಡದ ಹೆಂಗಸು. ಊಳಿಟ್ಟ ನಾಯಿ. ಕಣ್ಣು ಮುಚ್ಚಿದ ಹುಲಿಯಾ. ಎಲ್ಲ ಒಂದಕ್ಕೊಂದು ಕೂಡಿ ಬಂತು. ನನ್ನ ತೊಡೆಯನ್ನು ಚಿವುಟಿಕೊಂಡೆ. ಕೈ ಮರಗಟ್ಟಿತ್ತೋ ಏನೋ, ಸರಿಯಾಗಿ ನೋವಾಗಲಿಲ್ಲ. ಹಾಗಾದರೆ ನಾನು ಸುರಂಗದಿಂದ ಹೊರಗೆ ಬಂದೇ ಇಲ್ಲ!

ಆಗ ನನಗೆ ನನ್ನ ಸಾವಿಗಿಂತ ರಂಜನಾಳನ್ನು ನೆನೆದು ಕರುಳು ಹಿಂಡಿತು. ಎರಡು ವರ್ಷ ಕಷ್ಟಪಟ್ಟವಳು. ಅವಳ ದಿನದಂದೇ ನಾನು ಸಾಯಬೇಕಿತ್ತೇ? ಒಂದು ವಾರ ತಡೆದು ಸತ್ತಿದ್ದರೆ ಆಗುತ್ತಿರಲಿಲ್ಲವೇ? ಅವಳು ಮನೆಯಲ್ಲಿ ಇರಿ ಎಂದಾಗ ಇರಬೇಕಿತ್ತು. ಕಣ್ಣಲ್ಲಿ ನೀರು ಬಂತು. ನನ್ನ ಶ್ರದ್ಧಾಂಜಲಿಗೆ ನಾನೇ ಗೌರವ ಕೊಡದಿದ್ದರೆ ಚೆನ್ನಾಗಿರುವುದಿಲ್ಲ ಎಂದು ನಾನೂ ತಲೆ ತಗ್ಗಿಸಿ ನಿಂತೆ.

ಅಷ್ಟರಲ್ಲಿ ರಂಜನಾ ಪಕ್ಕದ ಕೋಣೆಯಿಂದ ವೇದಿಕೆಗೆ ಬಂದಳು. ಕೊರಳಲ್ಲಿ ಹೆಡ್‌ಫೋನ್. ಅಷ್ಟು ಹೊತ್ತೂ ಅದನ್ನು ಕಿವಿಗೆ ಹಾಕಿಕೊಂಡು ಕಂಪ್ಯೂಟರಿನಲ್ಲಿ ಸದ್ದು ಸರಿ ಮಾಡುತ್ತಿದ್ದವಳಿಗೆ ಭಾಸ್ಕರ ಸರ್ ಭಾಷಣವೂ ಗೊತ್ತಿಲ್ಲ, ಹಾರವೂ ಗೊತ್ತಿಲ್ಲ. ಅವಳು ಬಂದ ಕಡೆಯಿಂದ ಕಾಣುವುದು ಟಿವಿಯ ಬೆನ್ನು ಮಾತ್ರ. ಎಲ್ಲರೂ ನಿಂತದ್ದು ಕಂಡು, ತನಗೇ ಮರ್ಯಾದೆ ಕೊಡುತ್ತಿದ್ದಾರೆಂದು ಮುಖ ಅರಳಿತು.

“ಕೂತ್ಕೊಳ್ಳಿ, ಕೂತ್ಕೊಳ್ಳಿ. ಇಷ್ಟು ಶಾಂತ ಸಭೆ ನೋಡಿ ರಾಶಿ ಖುಷಿಯಾಯ್ತು. ನಮ್ಮನೆಯವ್ರು ಇದ್ದಿದ್ರೆ ಹೀಗೆ ಆಗ್ತಿರ್ಲೇ ಇಲ್ಲ!”

“ಅಯ್ಯೋ ಪಾಪ, ತಲೆ ಕೆಟ್ಟೋಯ್ತು ಹುಡ್ಗಿಗೆ” ಎಂದು ಕೇಣಿಯ ನಾಗಿ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು.

ರಂಜನಾ ಕೈಯಲ್ಲಿದ್ದ ಗುಂಡಿ ಒತ್ತಿದಳು.

ಹಾರ ಹಾಕಿದ ನನ್ನ ಫೋಟೊ ಕಣ್ಣು ಮಿಟುಕಿಸಿತು.

ಹೂವಿನ ನಡುವೆ ತುಟಿ ನಿಧಾನವಾಗಿ ಬಿಚ್ಚಿಕೊಂಡಿತು. ಕೇಣಿಯ ಅಲೆ ಕತ್ತಲಲ್ಲಿ ಮೊರೆಯಿತು, ಬಾಗಿಲು ಕಿರ್ರೆಂದಿತು. ನನ್ನದೇ ದನಿ, ಯಾವುದೋ ಬಾವಿಯ ತಳದಿಂದ ಎಂಬಂತೆ, ಹೇಳಿತು:

“ಹೆದರಬೇಡಿ. ನಾನು ಎಲ್ಲಿಗೂ ಹೋಗಿಲ್ಲ. ಒಮ್ಮೆ ಹಿಂದೆ ತಿರುಗಿ ನೋಡಿ.”

ರಂಜನಾ ಬೇಡ ಬೇಡ ಎಂದರೂ ಭಾಷಣಕ್ಕೆ ಕಳೆ ಬರಲೆಂದು ನಾನು ಹಟ ಹಿಡಿದು ಸೇರಿಸಿದ ಮಾತು ಅದು!

ಇಡೀ ಸಭೆ ಹಿಂದೆ ತಿರುಗಿತು. ಅಲ್ಲಿ ನಾನಿದ್ದೆ. ಅದೇ ಬಿಳಿ ಅಂಗಿ, ಕೆನ್ನೆಯ ಮೇಲೆ ಕಣ್ಣೀರು.

ಮುಂದಿನದನ್ನು ನಾನು ಸರಿಯಾಗಿ ನೋಡಲಿಲ್ಲ, ಏಕೆಂದರೆ ಎಲ್ಲರಿಗಿಂತ ಮೊದಲು ಕಿರುಚಿದವನು ನಾನೇ. ಹಿಡಿದುಕೊಂಡ ಕಿಟಕಿಯ ಕಪ್ಪು ಬಟ್ಟೆ ಕಿತ್ತು ನನ್ನ ಮೇಲೆಯೇ ಬಿತ್ತು. ಅದನ್ನು ಹೊದ್ದುಕೊಂಡೇ “ರಂಜನಾ! ರಂಜನಾ!” ಎಂದು ವೇದಿಕೆಯ ಕಡೆ ಓಡಿದೆ. ಜನ ಕುರ್ಚಿ ಹತ್ತಿದರು, ಕುರ್ಚಿ ಹಾರಿದರು. ಭಾಸ್ಕರ ಸರ್ ಈ ಸಲವೂ ನನ್ನ ಭಾಷಣ ಮುಗಿಯುವ ಮೊದಲೇ ಹೊರಟುಹೋದರು!

“ಥೋ! ಮನೆಯಲ್ಲಿ ಇರಿ ಅಂದಿದ್ನಲ್ರಾ!” ರಂಜನಾ ನನ್ನ ರಟ್ಟೆ ಹಿಡಿದಳು. ಆ ಹಿಡಿತಕ್ಕೆ ಜೀವ ಹೋಗುವಷ್ಟು ನೋವಾಯಿತು. ಬದುಕಿದ್ದೇನೆ ಎಂದು ಖಾತ್ರಿಯಾದದ್ದು ಆಗಲೇ.

ಆಮೇಲೆ ಎಲ್ಲ ಬಯಲಾಯಿತು. ಆ ಹಾಲಿನ ವೇದಿಕೆಗೆ ಬಂದ ಯಾವ ಫೋಟೊಕ್ಕೂ ಹುಲಿಯಾ ಹಾರ ಹಾಕದೆ ಬಿಟ್ಟವನಲ್ಲ. ನಿಲ್ಲಿಸಿಟ್ಟ ವಿಡಿಯೋವನ್ನು ಫೋಟೊ ಎಂದುಕೊಂಡು, ದೀಪವನ್ನೂ ಹಚ್ಚಿ, ಮರುಗಿದ್ದ. ಹಾರ ಕಂಡ ಭಾಸ್ಕರ ಸರ್ ಉಳಿದದ್ದನ್ನು ತಾವೇ ಊಹಿಸಿಕೊಂಡಿದ್ದರು. ಅಮದಳ್ಳಿಯಲ್ಲಿ ನಾನು ಹೆಲ್ಮೆಟ್ ತೆಗೆಯದೆಯೇ ಚಹಾ ಕೇಳಿದ್ದೆ, ದನಿ ಹೊರಗೆ ಬಂದೇ ಇರಲಿಲ್ಲ. ನಾಯಿಯ ವಿಷಯ ನನಗೆ ಇನ್ನೂ ಗೊತ್ತಾಗಿಲ್ಲ.

ಖಾಲಿ ಹಾಲಿನಲ್ಲಿ ರಂಜನಾ ತಲೆಯ ಮೇಲೆ ಕೈ ಹೊತ್ತು ಕೂತಳು. ನನಗೆ ನಿಜಕ್ಕೂ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಆಗ ಮುಂದಿನ ಸಾಲಿನಿಂದ ಒಂದೇ ಒಂದು ಚಪ್ಪಾಳೆ ಕೇಳಿತು. ಪುಣೆಯ ರಕ್ಷಿತಾ ಮೇಡಂ!

“ವೇದಿಕೆಯದ್ದೂ ನೋಡೀನಿ, ವಿಡಿಯೋದ್ದೂ ನೋಡೀನಿ. ಎರಡನ್ನೂ ಹಿಂಗ ಕೂಡಿಸಿದ್ದು ನೋಡಿರ್ಲಿಲ್ಲ!” ಹುಬ್ಬಳ್ಳಿಯಲ್ಲಿ ಬೆಳೆದವರಂತೆ, ಮಾತಿನಲ್ಲೇ ಗೊತ್ತಾಯಿತು. “ಗೇಮ್ ನಾವು ತಗೋತೀವಿ. ಪುಣೆದಾಗೂ ಹಿಂಗ ಘೋಷಣಾ ಆಗ್ಬೇಕು. ಆದ್ರ ಹಿಂದ ನಿಂತು ಅಷ್ಟು ಖರೇ ಖರೇ ಹೆದರಿದ ಈ ನಟರು ಅಲ್ಲಿಗೂ ಬರ್ತಾರೇನು?”

ನಟರು! ನಾನು ಕಪ್ಪು ಬಟ್ಟೆ ಕೊಡವಿ, ಎದೆ ಉಬ್ಬಿಸಿ, ಮಾತಾಡಲು ಬಾಯಿ ತೆರೆದೆ.

ರಂಜನಾ ಮೈಕನ್ನು ನನ್ನಿಂದ ದೂರ ಸರಿಸಿ ಹೇಳಿದಳು: “ಅದಕ್ಕೆ ಚಿಂತೆ ಬೇಡ ಮೇಡಂ. ಬರಬೇಡಿ ಅಂತ ಒಂದು ಮಾತು ಹೇಳಿದ್ರೆ ಸಾಕು.”