ಮಾವನ ಸೈನಸ್ ಎತ್ತಿದ ಪ್ರಸಂಗ

ನಮ್ಮ ಸೋದರಮಾವನ ಎದುರು ಯಾರೂ ಆಕಳಿಸಬಾರದು! ಆಕಳಿಸಿದಿರೋ, ಕೆಟ್ಟಿರಿ. ಮೊಬೈಲಿನ ಟಾರ್ಚ್ ಹಾಕಿ ಬಾಯೊಳಗೆ ಇಣುಕಿ, "ಮೇಲ್ದವ್ಡೆ ಮೂಳೆ ಸವ್ದೋಗದೆ ಕಣ್ಲಾ" ಎಂದು ತೀರ್ಪು ಕೊಟ್ಟೇಬಿಡುತ್ತಾರೆ. ಬೇಗೂರಿನಲ್ಲಿ ಅರಿಶಿನ ಬೆಳೆಯುವವರಿಗೆ ಊರವರ ಬಾಯಿಯ ಉಸಾಬರಿ ಏಕೆ ಅಂತೀರಾ?

ಮಾವನ ಮೇಲ್ದವಡೆಯ ಬಲಗಡೆ ಎರಡು ಹಲ್ಲು ಬಿದ್ದು ವರ್ಷಗಳೇ ಆಗಿದ್ದವು. ಮೂಳೆಗೆ ಸ್ಕ್ರೂ ಕೂರಿಸಿ ಕಟ್ಟುವ ಇಂಪ್ಲಾಂಟ್ ಹಲ್ಲು ಹಾಕಿಸಲು ಚಾಮರಾಜನಗರಕ್ಕೆ ಹೋದರೆ ಡಾಕ್ಟರಮ್ಮ, "ಸ್ಕ್ರೂ ಕೂರೋಕೆ ಮೂಳೆ ಸಾಲದು. ಮೇಲೆ ಸೈನಸ್ ಅಂತ ಗಾಳಿಗೂಡಿದೆ. ಅದರ ಪೊರೆ ಎತ್ತಿ, ಕೆಳಗೆ ಮೂಳೆಪುಡಿ ತುಂಬಬೇಕು. ಹಲ್ಲಿದ್ದ ಜಾಗದಿಂದಲೇ ಮೆಲ್ಲಗೆ ತಟ್ಟಿ ಎತ್ತೋದು ಒಂದು ದಾರಿ. ದವಡೆ ಪಕ್ಕದಲ್ಲಿ ಕಿಟಕಿ ಕೊರೆದು ಎತ್ತೋದು ಇನ್ನೊಂದು. ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ, ನೋಡೋಣ" ಎಂದರು.

ಎರಡು ದಾರಿ! ಮಾವನಿಗೆ ಅಷ್ಟು ಸಾಕಾಯಿತು. ವಾಪಸು ಬರುವಾಗ ಬಸ್ಸಿನಲ್ಲೇ ಚರ್ಚೆ ಶುರು. "ತಟ್ಟೋದು ಮೇಲಾ, ಕಿಟ್ಕಿ ಮೇಲಾ?" ಎಂದು ಕಂಡಕ್ಟರನನ್ನು ಕೇಳಿದರೆ ಅವನು, "ಕಿಟ್ಕಿ ಸೀಟು ಖಾಲಿ ಇಲ್ಲ, ಸುಮ್ನೆ ನಿಂತ್ಕಳಿ ಯಜಮಾನ್ರೆ" ಎಂದನಂತೆ.

ಆಮೇಲೆ ಫೋನಿನಲ್ಲಿ ಯಾವುದೋ ವಿಡಿಯೋ ಸಿಕ್ಕಿತು. ಕಲಿಯುವ ಡಾಕ್ಟರುಗಳು ಮೊಟ್ಟೆಯ ಚಿಪ್ಪನ್ನು ಕೊರೆದು, ಒಳಪೊರೆ ಹರಿಯದಂತೆ ಅಭ್ಯಾಸ ಮಾಡುತ್ತಾರಂತೆ. "ಪೊರೆ ಅರೀಬಾರ್ದು. ಅಷ್ಟೇ ಕಣ್ಲಾ ಇದ್ಯೆ!" ಎಂದು ಮಾವ ಜಗಲಿಯಲ್ಲಿ ಅರ ಹಿಡಿದು ಕೂತರು. ಹನ್ನೊಂದು ಮೊಟ್ಟೆ ಒಡೆದವು.

"ವಾರದಿಂದ ಬರೀ ಆಮ್ಲೆಟ್ಟು ಕಣಪ್ಪ. ಕೋಳಿಗೂ ಸಾಕಾಗೋಗದೆ, ನನ್ಗೂ ಸಾಕಾಗೋಗದೆ" ಎಂದರು ಅತ್ತೆ.

ಹನ್ನೆರಡನೆಯದು ಗೆದ್ದಿತು! ಚಿಪ್ಪಿಗೆ ಕಿಟಕಿ, ಒಳಗೆ ಪೊರೆ ಅಖಂಡ! ಮಾವ ಅದನ್ನು ತೊಡೆಯ ಮೇಲಿಟ್ಟುಕೊಂಡು ಚಾಮರಾಜನಗರದವರೆಗೆ ಹೋಗಿ, ಸ್ಕ್ಯಾನಿನ ಜೊತೆಗೆ ಡಾಕ್ಟರಮ್ಮನ ಮೇಜಿನ ಮೇಲಿಟ್ಟರು. ಆಕೆ ನಕ್ಕು, "ನೀವೇ ಆಪರೇಷನ್ ಮಾಡ್ಕೋತೀರಾ?" ಎಂದರೆ ಇವರು ಗಂಭೀರವಾಗಿ, "ಮಾಡ್ಕತಿದ್ದೆ ಕಣ್ರವ್ವಾ, ನನ್ ಬಾಯಿ ನನ್ಗೆ ಕಾಣಕಿಲ್ಲ" ಎಂದರು. ಮೂಳೆ ತೀರಾ ತೆಳುವಾಗಿದ್ದರಿಂದ ಕಿಟಕಿಯೇ ಸರಿ ಎಂದು ತೀರ್ಮಾನವಾಯಿತು.

ಆಪರೇಷನ್ ಆದಮೇಲೆ ಮೂಗು ಸೀಟುವಂತಿಲ್ಲ, ಜೋರಾಗಿ ಸೀನುವಂತಿಲ್ಲ. ಮಾವ ಮನೆಯಲ್ಲಿ ಒಗ್ಗರಣೆಯನ್ನೇ ನಿಷೇಧಿಸಿದರು. ಅಷ್ಟೇ ಅಲ್ಲ, ಪಕ್ಕದ ಮನೆಯಲ್ಲಿ ಮೆಣಸಿನಕಾಯಿ ಹುರಿದರೆ ಟವೆಲು ಸುತ್ತಿಕೊಂಡು ಹೊಲಕ್ಕೆ ಓಟ!

ತಿಂಗಳುಗಳು ಕಳೆದು ಮೂಳೆ ಗಟ್ಟಿಯಾಯಿತು, ಸ್ಕ್ರೂ ಕೂತಿತು, ಹೊಸ ಹಲ್ಲು ಬಂತು. ಅಂದು ನಾವೆಲ್ಲ ಸುತ್ತ ಕೂತಿದ್ದೆವು. ಮಾವ ಕೋಡುಬಳೆ ತೆಗೆದು ಬಲಗಡೆ ಇಟ್ಟು ಕಚ್ಚಿದರು. ಕಟಂ! "ಗೆದ್ಬುಟ್ಟೆ ಕಣ್ಲಾ!" ಎಂದು ಕುಣಿದರು. ನಾವು ಚಪ್ಪಾಳೆ ತಟ್ಟಿದೆವು. ಒಂದರ ಮೇಲೊಂದು ಐದು ಕೋಡುಬಳೆ ಪುಡಿಯಾದವು.

ಆರನೆಯದನ್ನು ಅತ್ತೆಗೆ ಕೊಟ್ಟರು. ಅತ್ತೆ ಅದನ್ನು ಟೀಯಲ್ಲಿ ಅದ್ದಿ, ಮೆತ್ತಗಾಗಲೆಂದು ಕಾದರು.

ಮಾವ ನೋಡಿದರು. "ಯಾಕಮ್ಮಿ? ಕಡೀಬಾರ್ದಾ?"

"ಹಲ್ಲೆಲ್ಲದೆ ಕಡಿಯಕೆ? ನನ್ ದವ್ಡೆವೂ ಬಿದ್ದು ಏಳೊರ್ಸಾಯ್ತು" ಎಂದು ಅತ್ತೆ ನಕ್ಕರು.

ಇಡೀ ಊರಿನ ಬಾಯಿಗೆ ಟಾರ್ಚ್ ಬಿಟ್ಟ ಮಾವ ಅಂದು ಮೊದಲ ಸಲ ಅತ್ತೆಯ ಬಾಯೊಳಗೆ ಇಣುಕಿದರು. ಮರುದಿನ ಚಾಮರಾಜನಗರದ ಮೊದಲ ಬಸ್ಸಿಗೇ ಇಬ್ಬರೂ ಹೊರಟು ನಿಂತಿದ್ದರು. ಮಾವ ಅತ್ತೆಯ ಕೈ ಹಿಡಿದುಕೊಂಡು ಮೆಲ್ಲಗೆ ಹೇಳುತ್ತಿದ್ದರು: "ಎದ್ರಕಬ್ಯಾಡ ಕಣಮ್ಮಿ, ನೋವಾಗಕಿಲ್ಲ. ನಾನು ಪಕ್ದಲ್ಲೇ ಇರ್ತೀನಿ."