ಕಿವಿರು ನೋಡಿ ತಂದ ಟ್ಯಾಬ್

ನಿರ್ಧಾರ ಮಾಡುವ ಶಕ್ತಿ ಮನುಷ್ಯನಿಗೆ ಹುಟ್ಟಿನಿಂದ ಬರುತ್ತದೋ ಅಭ್ಯಾಸದಿಂದ ಬರುತ್ತದೋ ನನಗೆ ಗೊತ್ತಿಲ್ಲ. ಅಭ್ಯಾಸದಿಂದ ಅದು ಹೊರಟುಹೋಗುತ್ತದೆ ಎಂಬುದಕ್ಕೆ ಮಾತ್ರ ನಾನೇ ಸಾಕ್ಷಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಸುದ್ದಿಗಳನ್ನು ಪತ್ರಿಕೆಗೆ ಕಳಿಸುತ್ತ ನನ್ನ ಅರ್ಧ ಆಯುಷ್ಯ ಕಳೆದಿದೆ. ಸೇರಿದ ಹೊಸತರಲ್ಲಿ ಸಂಪಾದಕರು ಕಲಿಸಿದ ಪಾಠ ಹೆಚ್ಚೇನಿಲ್ಲ. ಕಣ್ಣಾರೆ ಕಂಡದ್ದನ್ನು ನಂಬು, ಎರಡೂ ಕಡೆಯವರನ್ನು ಕೇಳು, ತೀರ್ಪನ್ನು ಓದುಗನಿಗೆ ಬಿಡು. ಪತ್ರಿಕೆಯ ಮಟ್ಟಿಗೆ ಇದು ಒಳ್ಳೆಯ ಪಾಠ. ಆದರೆ ಅದು ನಿಧಾನವಾಗಿ ನನ್ನ ಹಿಂದೆಯೇ ಮನೆಯೊಳಗೂ ಬಂದುಬಿಟ್ಟಿತು. ಸಾರಿಗೆ ಉಪ್ಪು ಸಾಕೇ ಎಂದು ಹೆಂಡತಿ ಶಶಿಕಲಾ ಕೇಳಿದರೆ, ಸಾಕೆನ್ನಲು ಕಾರಣಗಳಿವೆ, ಸಾಲದೆನ್ನಲೂ ಕಾರಣಗಳಿವೆ ಎನ್ನುತ್ತೇನೆ. ಅವಳು ಉಪ್ಪಿನ ಡಬ್ಬಿಯನ್ನು ನನ್ನ ಮುಂದೆ ಕುಟ್ಟಿ ಇಟ್ಟು ಹೋಗುತ್ತಾಳೆ.

ಇಂಥವನಿಗೆ ಒಂದು ಟ್ಯಾಬ್ ಆರಿಸಿ ತರುವ ಕೆಲಸ ಬಿತ್ತು.

ಶಶಿಕಲಾಳದು ಮದುವೆ ಮಂಟಪ ಅಲಂಕರಿಸುವ ಕಸುಬು. ನೆರೆಮನೆಯ ಮಗುವಿನ ನಾಮಕರಣದ ತೊಟ್ಟಿಲಿಗೆ ಹೂ ಕಟ್ಟಿಕೊಟ್ಟದ್ದರಿಂದ ಶುರುವಾದದ್ದು, ಈಗ ಪಾಣೆಮಂಗಳೂರಿನ ನಮ್ಮ ಮನೆಯ ಚಾವಡಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಬಟ್ಟೆ, ಕಂಬ, ಕಾಗದದ ಹೂವು ತುಂಬಿಕೊಂಡಿದೆ. ಆದರೆ ಇತ್ತೀಚೆಗೆ ಮಂಗಳೂರಿನ ದೊಡ್ಡ ದೊಡ್ಡ ಅಲಂಕಾರದವರು ದೊಡ್ಡ ಪರದೆಗಳನ್ನು ಹಿಡಿದುಕೊಂಡು ನಮ್ಮ ಕಡೆಗೂ ಬರತೊಡಗಿದ್ದರು. ಇವಳು ತೋರಿಸುವುದು ಫೋನಿನಲ್ಲಿ. ಫೋನು ಚಾವಡಿಯ ಬೆಂಚಿನಲ್ಲಿ ಅತ್ತೆಯಿಂದ ಚಿಕ್ಕಮ್ಮನಿಗೆ, ಚಿಕ್ಕಮ್ಮನಿಂದ ದೊಡ್ಡಪ್ಪನಿಗೆ ಕೈದಾಟುತ್ತದೆ. ಒಂದು ಮನೆಯಲ್ಲಿ ಹೀಗೆ ದಾಟುವಾಗ ಯಾರದೋ ಹೆಬ್ಬೆರಳು ತಾಗಿ ಮಂಟಪ ಸರಿದು, ಮುಂಡು ಎತ್ತಿಕಟ್ಟಿ ತೆಂಗಿನಕಾಯಿ ಸುಲಿಯುತ್ತಿದ್ದ ನನ್ನ ಚಿತ್ರ ಬಂತಂತೆ. ಆ ಮನೆಯ ಯಜಮಾನರು ತುಂಬ ಹೊತ್ತು ನೋಡಿ, "ಇದು ನಮಗೆ ಬೇಡ" ಎಂದರಂತೆ. ಆ ಮದುವೆಯ ಕೆಲಸ ಮಂಗಳೂರಿಗೆ ಹೋಯಿತು.

ಅದರ ಬೆನ್ನಿಗೇ ಚಾರ್ಮಾಡಿ ಕಡೆಯ ಒಂದು ದೊಡ್ಡ ಕುಟುಂಬದಿಂದ ಕರೆ ಬಂತು. ಮದುವೆ ಬೆಳ್ತಂಗಡಿಯ ಹಾಲ್‌ನಲ್ಲಿ. ಮಂಗಳೂರಿನವರು ಆಗಲೇ ಬಂದು ತೋರಿಸಿ ಹೋಗಿದ್ದಾರೆ. ಹುಡುಗಿಯ ತಾಯಿಗೆ ಇಷ್ಟವಾಗಿದೆ, ಆದರೆ ಆ ಮನೆಯ ಪದ್ಧತಿಯಲ್ಲಿ ಹುಡುಗಿಯ ಸೋದರಮಾವ ಹೂಂ ಅನ್ನದೆ ಒಂದು ಬಾಳೆ ಎಲೆಯನ್ನೂ ಕೊಯ್ಯುವುದಿಲ್ಲ. ಮಾವ ಇನ್ನೂ ಹೂಂ ಅಂದಿಲ್ಲ. ಅವರಿಗೆ ಕಣ್ಣು ಮಂದ, ಫೋನಿನ ಚಿತ್ರ ಕಾಣುವುದಿಲ್ಲ.

"ಒಂದು ಟ್ಯಾಬ್ ತನ್ನಿ" ಎಂದಳು ಶಶಿಕಲಾ. "ನನ್ನ ಕೆಲಸಕ್ಕೂ ಆಗ್ತದೆ, ನಿಮ್ಮ ಬರವಣಿಗೆಗೂ ಆಗ್ತದೆ. ಆದಿತ್ಯವಾರ ಅವರ ಮನೆಗೆ ಹೋಗ್ಲಿಕ್ಕುಂಟು. ಶನಿವಾರದ ಒಳಗೆ ತರಬೇಕು. ಯೋಚನೆ ಮಾಡ್ತಾ ಕೂತರೆ ಆಗ್ಲಿಕ್ಕಿಲ್ಲ ಮತ್ತೆ."

"ತರುವ, ತರುವ" ಎಂದೆ.

"ಇದೊಂದು ಸಿಕ್ಕದಿದ್ರೆ ನಾನು ಈ ಸಾಮಾನೆಲ್ಲ ಮಾರಿ ಸುಮ್ಮನೆ ಕೂತ್ಕೊಳ್ತೇನೆ. ತಮಾಷೆಗೆ ಹೇಳ್ತಾ ಇಲ್ಲ."

ತಮಾಷೆಗೆ ಹೇಳುತ್ತಿರಲಿಲ್ಲ. ಅವಳು ಆ ಮಾತು ಹೇಳುತ್ತ ಕಂಬಗಳ ಮೇಲಿನ ಧೂಳು ಒರೆಸುತ್ತಿದ್ದಳು.

ಬಿ.ಸಿ.ರೋಡಿನಲ್ಲಿ ಕಾಮತರ ಅಂಗಡಿಗೆ ಹೋದೆ. ಅವರು ತೋರಿಸಿದ ಟ್ಯಾಬ್ ಗಂಭೀರ ಸ್ವಭಾವದ್ದು. ಬೂದು ಬಣ್ಣ, ಜೊತೆಗೆ ಮಡಚುವ ಕೀಬೋರ್ಡು, ಒಮ್ಮೆ ಚಾರ್ಜ್ ಮಾಡಿದರೆ ಚಾರ್ಮಾಡಿಗೆ ಹೋಗಿ ಬಂದರೂ ಉಳಿಯುತ್ತದಂತೆ. ಅದನ್ನು ಎದುರಿಗಿಟ್ಟುಕೊಂಡಾಗ ಯಾವುದೋ ಸಹಕಾರಿ ಸಂಘದ ವಾರ್ಷಿಕ ಮಹಾಸಭೆಯಲ್ಲಿ ಕೂತಂತಾಯಿತು. ಮೂಡುಬಿದಿರೆಯ ಇಕ್ಬಾಲರ ಅಂಗಡಿಯಲ್ಲಿ ಇನ್ನೊಂದು ಕಂಪೆನಿಯದಿದೆ, ಅದಕ್ಕೆ ಬರೆಯುವ ಪೆನ್ನು ಬರುತ್ತದೆ ಎಂದು ಯಾರೋ ಹೇಳಿದ್ದರು. ಅದು ಹೇಗೆ ಎಂದು ಕಾಮತರನ್ನೇ ಕೇಳಿದೆ.

"ಅದೂ ಒಳ್ಳೆದೇ ಮಾರಾಯ್ರೆ" ಎಂದರು ಕಾಮತರು. "ಬಣ್ಣ ಚಂದ ಉಂಟು. ಕೆಲಸ ಮಾಡುವವರಿಗೆ ಇದು ಸಾಕು ಅಂತ ನಾನು ಹೇಳುವುದು. ಕೆಲಸ ಇಲ್ಲದವರಿಗೆ ಅದು."

ನಾನು ಯಾವ ಜಾತಿಗೆ ಸೇರಿದವನು ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಇನ್ನೊಂದು ಕಡೆಯವರನ್ನು ಕೇಳದೆ ನಿರ್ಧರಿಸುವುದು ವೃತ್ತಿಧರ್ಮಕ್ಕೆ ವಿರುದ್ಧವಾದ್ದರಿಂದ ಶನಿವಾರ ಮಧ್ಯಾಹ್ನ ಸಿದ್ದಕಟ್ಟೆಯ ಮೇಲಾಗಿ ಹೋಗುವ ಬಸ್ಸು ಹತ್ತಿದೆ. ಊಟದ ನಂತರದ ಬಸ್ಸು ಅದು. ಡ್ರೈವರನನ್ನು ಬಿಟ್ಟು ಉಳಿದವರೆಲ್ಲ ತೂಕಡಿಸುತ್ತಿದ್ದರು. ಕಿಟಕಿಯ ಹೊರಗೆ ಗೇರುಗುಡ್ಡೆಗಳು ಒಂದರ ಹಿಂದೊಂದು ಬಂದು, ನನ್ನನ್ನು ನೋಡಿ, ಅವಸರವಿಲ್ಲದೆ ಹಿಂದೆ ಸರಿದವು. ಪಾಣೆಮಂಗಳೂರಿನ ಹಳೆಯ ಸೇತುವೆಯ ಬಳಿ ಕಲ್ಲಿನ ಮೇಲೆ ಕೂತು, ತೊಡೆಯ ಮೇಲೆ ಟ್ಯಾಬ್ ಇಟ್ಟುಕೊಂಡು, ನೇತ್ರಾವತಿಯನ್ನು ನೋಡುತ್ತ ಪೆನ್ನಿನಿಂದ ಏನೋ ಬರೆಯುತ್ತಿದ್ದ ಒಬ್ಬ ಮನುಷ್ಯ ನನಗೆ ಮಂಪರಿನಲ್ಲಿ ಕಾಣಿಸಿದ. ರಸ್ತೆ ಗುಂಡಿಯ ಸುದ್ದಿಯಲ್ಲ, ಬೇರೆ ಏನೋ ಬರೆಯುತ್ತಿದ್ದ. ಅವನ ತಲೆಗೂದಲು ನನಗಿಂತ ದಟ್ಟವಾಗಿತ್ತು. ಆದರೂ ಅವನು ನಾನೇ ಎಂದು ಗುರುತಿಸಿದೆ. ಕಂಡಕ್ಟರ್ ಭುಜ ತಟ್ಟಿ "ಲಾಸ್ಟ್ ಸ್ಟಾಪ್ ಅಣ್ಣ, ಇಳಿಯುವ ಅಂದಾಜು ಉಂಟಾ?" ಎಂದಾಗ ಬಸ್ಸು ಮೂಡುಬಿದಿರೆಯಲ್ಲಿ ನಿಂತು ಖಾಲಿಯಾಗಿತ್ತು.

ಇಕ್ಬಾಲರ ಅಂಗಡಿಯಲ್ಲಿ ನಾನು ಕಾಮತರ ಟ್ಯಾಬಿನ ಬಗ್ಗೆ ಮೊದಲು ವಿಚಾರಿಸಿದೆ.

"ಅದೂ ಒಳ್ಳೆದೇ ಸರ್" ಎಂದರು ಇಕ್ಬಾಲರು. "ಗಟ್ಟಿ ಉಂಟು. ಕೈಜಾರಿ ಬಿದ್ರೆ ನೆಲಕ್ಕೆ ಪೆಟ್ಟಾಗಬಹುದು ಅಷ್ಟೆ."

ನಮ್ಮ ಊರಿನಲ್ಲಿ ವರದಿಗಾರನ ಕಷ್ಟವೇ ಇದು. ಯಾರೂ ಯಾರನ್ನೂ ನೇರ ದೂರುವುದಿಲ್ಲ. ಆರೋಪ ಎಂದು ಬರೆಯಲು ಒಂದು ವಾಕ್ಯ ಸಿಗುವುದಿಲ್ಲ. ಮುಂದಿನ ಪ್ರಶ್ನೆ ಹುಡುಕುತ್ತಿರುವಾಗ ಮೇಜಿನ ಮೇಲೆ ನಿಲ್ಲಿಸಿದ್ದ ಟ್ಯಾಬಿನಲ್ಲಿ ಒಂದು ಕಿತ್ತಳೆ ಬಣ್ಣದ ಮೀನು ಬಂತು. ಹಿಂದೆ ಕಡುನೀಲಿ ನೀರು. ಮೀನು ಬಾಲ ಬೀಸಿ ತಿರುಗಿತು, ಅದರ ಹಿಂದೆ ಬೆಳ್ಳಿಯ ಪುಡಿ ಚೆಲ್ಲಿದ ಹಾಗೆ ಸಣ್ಣ ಮೀನುಗಳ ಹಿಂಡು. ಹವಳದ ಗಿಡಗಳು ಗಾಳಿ ಇಲ್ಲದೆ ತೊನೆದವು. ನಾನು ಆ ಮೇಜಿನ ಮುಂದೆ ಎಷ್ಟು ಹೊತ್ತು ನಿಂತೆನೋ, ಅಂಗಡಿಗೆ ಬಂದವರು ನನ್ನನ್ನು ಸುತ್ತಿಕೊಂಡು ಹೋಗುತ್ತಿದ್ದರು, ಹರಿವ ನೀರು ಬಂಡೆಯನ್ನು ಸುತ್ತಿಕೊಂಡು ಹೋಗುವ ಹಾಗೆ. ಇಕ್ಬಾಲರು ಚಹಾ ತರಿಸಿದರು. ಅದು ತಣ್ಣಗಾಯಿತು. ಬ್ಯಾಟರಿ, ಮೆಮರಿ, ಕ್ಯಾಮೆರಾ ಎಂದು ನಾನು ಗುರುತುಹಾಕಿ ತಂದಿದ್ದ ಪ್ರಶ್ನೆಗಳೆಲ್ಲ ಆ ನೀರಿನಲ್ಲಿ ಕರಗಿಹೋದವು.

"ಇದು ಕೊಡಿ" ಎಂದೆ.

"ಕೊಡುವ ಸರ್" ಎಂದು ಅವರು ಒಳಗಿನಿಂದ ಮುಚ್ಚಿದ ಪೆಟ್ಟಿಗೆಯೊಂದನ್ನು ತಂದರು.

"ಇದಲ್ಲ. ಅದು" ಎಂದು ನಾನು ಮೀನಿನ ಕಡೆ ಕೈ ತೋರಿಸಿದೆ.

"ಅದು ಡೆಮೊ ಪೀಸ್ ಅಲ್ವಾ ಸರ್. ಜನರಿಗೆ ನೋಡ್ಲಿಕ್ಕೆ ಇಟ್ಟದ್ದು. ಇದು ಅದೇ ಮಾಡೆಲ್, ಹೊಸ ಪೀಸ್."

ಇಲ್ಲಿ ನಾನು ನಮ್ಮ ಊರಿನವರ ಪರವಾಗಿ ಒಂದು ಮಾತು ಹೇಳಬೇಕು. ಮೀನು ಮಾರುಕಟ್ಟೆಯಲ್ಲಿ ನಾವು ಬಂಗುಡೆಯ ಕಿವಿರು ಎತ್ತಿ ನೋಡಿ, ಬೆರಳಲ್ಲಿ ಒತ್ತಿ ನೋಡಿ ಆರಿಸಿದ ಮೇಲೆ, "ಇದು ಇಲ್ಲಿರಲಿ, ಒಳಗಿಂದ ಬೇರೆ ಕೊಡ್ತೇನೆ" ಎಂದು ಮೀನಿನವಳು ಹೇಳಿದರೆ ಯಾರಾದರೂ ಒಪ್ಪುತ್ತಾರೆಯೇ? ಕಿವಿರು ನೋಡಿದ ಮೀನೇ ಬುಟ್ಟಿಗೆ ಬೀಳಬೇಕು. ಅದರ ಮೇಲೆ ನನಗೆ ಕಣ್ಣಾರೆ ಕಂಡದ್ದನ್ನೇ ನಂಬುವ ವೃತ್ತಿಯ ಶಿಸ್ತು ಬೇರೆ. ಮುಚ್ಚಿದ ಪೆಟ್ಟಿಗೆಯೊಳಗೆ ಏನಿದೆ ಎಂದು ಯಾರಿಗೆ ಗೊತ್ತು? ಇಕ್ಬಾಲರು ಎಷ್ಟು ಹೇಳಿದರೂ ನಾನು ಜಗ್ಗಲಿಲ್ಲ. ಜೀವನದಲ್ಲಿ ಇಷ್ಟು ದೃಢವಾಗಿ ನಾನು ಯಾವ ವಿಷಯದಲ್ಲೂ ನಿಂತವನಲ್ಲ, ಆ ದೃಢತೆಯ ರುಚಿಯೇ ನನಗೆ ಹಿಡಿಸಿಬಿಟ್ಟಿತು.

"ಆಯ್ತು, ತಗೊಳ್ಳಿ" ಎಂದು ಅವರು ಕೊನೆಗೆ ಸೋತರು. "ಡೆಮೊ ತೆಗೀಲಿಕ್ಕೆ ಕಂಪೆನಿಯವರ ಪಾಸ್‌ವರ್ಡ್ ಬೇಕು. ಸೋಮವಾರ ತನ್ನಿ, ತೆಗೆಸಿ ಕೊಡ್ತೇನೆ. ಅಷ್ಟರವರೆಗೆ ಕೆಲಸ ಎಲ್ಲ ಮಾಡ್ತದೆ. ಸ್ವಲ್ಪ ಹೊತ್ತು ಮುಟ್ಟದೆ ಬಿಟ್ರೆ ಮಾತ್ರ ಮೀನು ಬರ್ತದೆ."

ಮೀನು ಬರುವುದು ನನಗೆ ದೋಷವಾಗಿ ಕಾಣಲಿಲ್ಲ. ಮನೆಗೆ ಬಂದು ಶಶಿಕಲಾಳಿಗೆ ಎಲ್ಲ ವಿವರ ಒಪ್ಪಿಸುವಾಗ ಈ ಒಂದು ವಾಕ್ಯವನ್ನು, ನಾವು ಪತ್ರಿಕೆಯಲ್ಲಿ ಹೇಳುವ ಹಾಗೆ, ಸ್ಥಳಾಭಾವದಿಂದ ಕೈಬಿಟ್ಟೆ. ಅವಳು ಹಿಗ್ಗಿನಿಂದ ತನ್ನ ಮಂಟಪಗಳ ಚಿತ್ರಗಳನ್ನೆಲ್ಲ ಅದಕ್ಕೆ ತುಂಬಿಸಿಕೊಂಡಳು. ಬೆರಳಿನಿಂದ ಒಂದೊಂದಾಗಿ ಸರಿಸುತ್ತಲೇ ಇದ್ದದ್ದರಿಂದ ಮೀನಿಗೆ ಬರಲು ಅವಕಾಶವಾಗಲಿಲ್ಲ.

ಆದಿತ್ಯವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಹೊರಟೆವು. ಉಜಿರೆ ದಾಟಿ ಚಾರ್ಮಾಡಿ ಹತ್ತಿರವಾದಂತೆ ಘಾಟಿಯ ಮಂಜು ರಸ್ತೆಗೇ ಇಳಿದು ಬಂದಿತ್ತು. ಹಿಂದೆ ಕೂತ ಶಶಿಕಲಾ ಟ್ಯಾಬನ್ನು ಮಗುವಿನಂತೆ ಸೆರಗಿನೊಳಗೆ ಅವುಚಿಕೊಂಡಿದ್ದಳು. ಆ ಮನೆಯ ಚಾವಡಿಯಲ್ಲಿ ಸೋದರಮಾವ ಒರಗು ಕುರ್ಚಿಯಲ್ಲಿ ಕೂತಿದ್ದರು. ಮುಂಬಯಿಯಲ್ಲಿ ಬಹಳ ವರ್ಷ ಹೋಟೆಲು ನಡೆಸಿ ಊರಿಗೆ ಮರಳಿದವರು. ಮಾತು ಕಡಿಮೆ. ಪಕ್ಕದಲ್ಲಿ ಅವರ ತಂಗಿ, ಅಂದರೆ ಹುಡುಗಿಯ ತಾಯಿ. ಕಂಬಕ್ಕೆ ಒರಗಿ ಮದುಮಗಳು ಅಶ್ವಿನಿ. ಎಲ್ಲ ತುಳುವಿನಲ್ಲೇ ನಡೆದ ಮಾತು, ನಾನು ಕನ್ನಡದಲ್ಲಿ ವರದಿ ಮಾಡುತ್ತಿದ್ದೇನೆ.

ಶಶಿಕಲಾ ಟ್ಯಾಬನ್ನು ಮಾವನ ತೊಡೆಯ ಮೇಲಿಟ್ಟು, ಮಲ್ಲಿಗೆಯ ಬಿಳಿ ಮಂಟಪವನ್ನು ತೆರೆದು, "ಸ್ವಲ್ಪ ಹೊತ್ತು ನೋಡಿ ಮಾವ, ಅವಸರ ಇಲ್ಲ" ಎಂದಳು. ಮೂರು ದಿಕ್ಕಿನಿಂದ ಮಾತಾಡಿ ತಲೆತಿನ್ನುವ ಅಲಂಕಾರದವರ ನಡುವೆ ಇದು ಅವಳ ಜಾಣತನ. ಮಾವ ನೋಡಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿದರು. ಯಾರೂ ಟ್ಯಾಬನ್ನು ಮುಟ್ಟುತ್ತಿರಲಿಲ್ಲ.

ಬಿಳಿ ಮಂಟಪ ಮಂಕಾಯಿತು. ನೀಲಿ ನೀರು ತುಂಬಿಕೊಂಡಿತು. ಕಿತ್ತಳೆ ಮೀನು ಬಂತು.

ಶಶಿಕಲಾ ಮೊದಲು ಟ್ಯಾಬನ್ನು ನೋಡಿದಳು, ಆಮೇಲೆ ನನ್ನನ್ನು. ಆ ನೋಟದ ವಿವರಕ್ಕೆ ಇಲ್ಲಿ ಸ್ಥಳವಿದೆ, ಧೈರ್ಯವಿಲ್ಲ. ಅವಳು ಕೈಚಾಚಿ ಮೀನನ್ನು ಓಡಿಸಲು ಹೋದಾಗ ಮಾವ, "ಇರಲಿ" ಎಂದರು.

ಮಂಜು ಅಂಗಳ ದಾಟಿ ಚಾವಡಿಯ ಅಂಚಿಗೆ ಬಂದು ನಿಂತಿತ್ತು. ಒಳಗೆ ಮಾವನ ಮುಖದ ಮೇಲೆ ನೀಲಿ ಬೆಳಕು ಅಲೆಯುತ್ತಿತ್ತು. ಅವರು ಬಹಳ ಹೊತ್ತು ನೋಡಿ, ಯಾರಿಗೂ ಅಲ್ಲದ ಹಾಗೆ ಹೇಳಿದರು. "ನಮ್ಮ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಬದಿಗೆ ಇಂಥದ್ದೇ ಒಂದು ಗಾಜಿನ ಪೆಟ್ಟಿಗೆ ಇತ್ತು. ಊರಿನ ನೆನಪಾದಾಗ ನಾನು ಅದನ್ನೇ ನೋಡ್ತಾ ಕೂತ್ಕೊಳ್ತಿದ್ದೆ. ಈ ಹುಡುಗಿ ರಜೆಯಲ್ಲಿ ಬಂದ್ರೆ ಗಾಜಿಗೆ ಮೂಗು ಒತ್ತಿ ನಿಂತದ್ದು ನಿಂತದ್ದೇ. ಊಟಕ್ಕೆ ಎತ್ತಿಕೊಂಡು ಹೋಗಬೇಕು."

"ಆ ಕಿತ್ತಳೆ ಮೀನಿಗೆ ನಾನು ಚಪಾತಿ ಹಾಕಿ ನೀವು ಬೈದದ್ದು ಮಾವ" ಎಂದು ಅಶ್ವಿನಿ ಕಂಬ ಬಿಟ್ಟು ಬಂದು ಕುರ್ಚಿಯ ಬಳಿ ನೆಲದ ಮೇಲೆ ಕೂತಳು.

"ಬೈದದ್ದು ಎಲ್ಲಿ? ಚಪಾತಿ ಗಿರಾಕಿಯ ತಟ್ಟೆಯದ್ದು, ಅದಕ್ಕೆ ಹೇಳಿದ್ದು."

ಮಾವ ತಲೆಯೆತ್ತಿ ಶಶಿಕಲಾಳನ್ನು ಕೇಳಿದರು. "ಇಂಥದ್ದು ಆಗ್ತದಾ ನಿಮ್ಮಿಂದ?"

"ಅಯ್ಯೋ ಅಣ್ಣ, ಮದುವೆ ಮಂಟಪದಲ್ಲಿ ಮೀನಾ? ಮಂಗಳೂರಿನವರದ್ದು ಎಷ್ಟು ಚಂದ ಇತ್ತು!" ಎಂದರು ಹುಡುಗಿಯ ತಾಯಿ. ನಂತರ, ಏನು ತೋಚಿತೋ, ನನ್ನ ಕಡೆ ತಿರುಗಿದರು. "ನೀವು ಪತ್ರಿಕೆಯವರು, ನಾಲ್ಕು ಕಡೆ ನೋಡಿದವರು. ನೀವೇ ಹೇಳಿ, ಇದು ಸರಿಯಾ?"

ಎಲ್ಲರೂ ನನ್ನನ್ನು ನೋಡಿದರು. ಸರಿ ಎನ್ನುವುದಕ್ಕೂ ಅಲ್ಲ ಎನ್ನುವುದಕ್ಕೂ ತಲಾ ಅರ್ಧ ಕಾಲಮ್ಮಿನಷ್ಟು ಕಾರಣಗಳು ನನ್ನ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತವು. ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಶಶಿಕಲಾ, "ಆಗ್ತದೆ ಮಾವ" ಎಂದಳು. ಸಾರಿಗೆ ಉಪ್ಪು ಹಾಕಿದಷ್ಟು ಸಲೀಸಾಗಿ ಎಂದಳು.

ಮಾವ ಹೂಂ ಅಂದರು.

ಸ್ಕೂಟರಿನಲ್ಲಿ ವಾಪಸು ಹೊರಟೆವು. ಮಡಂತ್ಯಾರಿನಲ್ಲಿ ಅವಳು, "ಮೀನು ಎಲ್ಲಿಂದ ತರ್ಲಿ ನಾನೀಗ?" ಎಂದಳು. ಪುಂಜಾಲಕಟ್ಟೆಯಲ್ಲಿ, "ಅಡಿಕೆ ಹಾಳೆಯಲ್ಲಿ ಕತ್ತರಿಸಿದ್ರೆ ಹೇಗೆ?" ಎಂದಳು. ಮನೆ ತಲುಪುವಾಗ ಹಾಳೆಯ ಮೀನಿಗೆ ಯಾವ ಬಣ್ಣ, ಯಾವ ದಾರ ಎಂಬುದೆಲ್ಲ ತೀರ್ಮಾನವಾಗಿತ್ತು. ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ. ಸೋಮವಾರ ಟ್ಯಾಬನ್ನು ಮೂಡುಬಿದಿರೆಗೆ ಒಯ್ಯಲು ಹೊರಟರೆ, "ಮೀನು ತೆಗೆಸಿದ್ರೆ ಜಾಗ್ರತೆ, ನೋಡಿ ಮಾಡ್ಬೇಕಲ್ಲ" ಎಂದು ಅವಳು ಅದನ್ನು ಕಿತ್ತುಕೊಂಡಳು. ಸೇತುವೆಯ ಬಳಿಯ ಕಲ್ಲಿನ ಮೇಲೆ ಕೂತ ಮನುಷ್ಯ ಈಗಲೂ ಬರಿಗೈಯಲ್ಲಿ ನದಿ ನೋಡುತ್ತಿರಬೇಕು.

ಮದುವೆಯ ದಿನ ಬೆಳ್ತಂಗಡಿಯ ಹಾಲ್‌ನಲ್ಲಿ ತೆಳ್ಳಗಿನ ನೀಲಿ ಬಟ್ಟೆ ಅಲೆಯಲೆಯಾಗಿ ಇಳಿದಿತ್ತು. ಅದರ ನಡುವೆ ಹಾಳೆಯ ಮೀನುಗಳು ಫ್ಯಾನಿನ ಗಾಳಿಗೆ ನಿಧಾನವಾಗಿ ತಿರುಗುತ್ತಿದ್ದವು. ಕೈಧಾರೆಯ ಹೊತ್ತಿಗೆ ಇಡೀ ಸಭೆಯೇ ಒಂದು ಕ್ಷಣ ನೀರಿನೊಳಗೆ ಕೂತ ಹಾಗೆ ತೆಪ್ಪಗಾಯಿತು. ಮಾವ ಮುಂದಿನ ಸಾಲಿನಲ್ಲಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಊಟದ ನಂತರ ನಾಲ್ಕಾರು ಹೆಂಗಸರು ಶಶಿಕಲಾಳನ್ನು ಸುತ್ತುವರಿದು ಫೋನ್ ನಂಬರ್ ಬರೆದುಕೊಂಡರು. ಒಬ್ಬರು, "ಇದು ಯಾರ ಐಡಿಯಾ ಅಕ್ಕ?" ಎಂದು ಕೇಳಿದರು.

ನಾನು ಕಂಬದ ಮರೆಯಲ್ಲಿ ಐಸ್‌ಕ್ರೀಂ ತಿನ್ನುತ್ತಿದ್ದೆ. ಚಮಚ ಬಾಯಿಯ ಬಳಿ ನಿಂತಿತು.

"ನಮ್ಮವರದ್ದು" ಎಂದಳು ಶಶಿಕಲಾ. "ಅವರು ಹಾಗೆಯೇ. ಒಂದು ಕೆಲಸ ಹೇಳಿದ್ರೆ ಇನ್ನೊಂದು ಮಾಡ್ಕೊಂಡು ಬರ್ತಾರೆ."

ಇದು ಹೊಗಳಿಕೆಯೋ ದೂರೋ ನನಗೆ ತಿಳಿಯಲಿಲ್ಲ. ಹೊಗಳಿಕೆ ಎನ್ನಲು ಕಾರಣಗಳಿದ್ದವು, ದೂರು ಎನ್ನಲೂ ಇದ್ದವು. ಹತ್ತಿರ ಹೋಗಿ ಸ್ಪಷ್ಟನೆ ಕೇಳಬಹುದಿತ್ತು, ವೃತ್ತಿಧರ್ಮವೂ ಅದೇ. ನಾನು ಹೊಗಳಿಕೆಯೆಂದೇ ಇಟ್ಟುಕೊಂಡು, ಇನ್ನೊಂದು ಐಸ್‌ಕ್ರೀಂ ತೆಗೆದುಕೊಂಡು ಹಿಂದಿನ ಸಾಲಿನಲ್ಲಿ ಕೂತೆ. ನನ್ನ ಇಡೀ ವೃತ್ತಿಯಲ್ಲಿ ಸ್ಪಷ್ಟನೆ ಕೇಳದೆ ನಂಬಿದ ಸುದ್ದಿ ಅದೊಂದೇ.